ಲಾಸ್ ವೇಗಸ್: ಕಣ್ಣಳತೆ ಕೈಕೊಡುವ ಊರು

ಬೇಸಿಗೆ ಹತ್ತಿರ ಬಂತೆಂದರೆ ಮಲ್ಲೇಶ್ವರದ ನಮ್ಮ ಕಚೇರಿಗೆ ಒಂದೇ ಬಗೆಯ ಫೋನುಗಳು ಬರತೊಡಗುತ್ತವೆ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟ ಅಪ್ಪ ಅಮ್ಮ. ಟಿಕೆಟ್, ಇನ್ಶೂರೆನ್ಸ್ ಮಾತೆಲ್ಲ ಮುಗಿದ ಮೇಲೆ ಕೊನೆಯಲ್ಲಿ, ಸ್ವಲ್ಪ ಸಂಕೋಚದಿಂದಲೇ, "ಮೇಡಂ, ಅಳಿಯಂದಿರು ಎರಡು ರಾತ್ರಿ ಲಾಸ್ ವೇಗಸ್‌ಗೆ ಕರಕೊಂಡು ಹೋಗ್ತೀನಿ ಅಂದಿದಾರೆ. ನಮ್ಮಂಥವರಿಗೆ ಅಲ್ಲಿ ನೋಡೋಕೆ ಏನಾದ್ರೂ ಇದೆಯಾ?" ಎಂದು ಕೇಳುತ್ತಾರೆ.

ಇದೆ, ಬೇಕಾದಷ್ಟಿದೆ. ಜೂಜಿಗೆ ಹೆಸರಾದ ಊರಾದರೂ ಜೂಜಾಡದವರಿಗೂ ಇದೆ. ಇಪ್ಪತ್ತು ವರ್ಷಗಳಿಂದ ಅಮೆರಿಕ ಪ್ರವಾಸಗಳನ್ನು ಹೊಂದಿಸಿಕೊಡುತ್ತಾ ಬಂದಿದ್ದೇನೆ. ಈ ಊರಿಂದ ಬೇಸರಪಟ್ಟು ಬಂದವರ ಮಾತನ್ನೆಲ್ಲ ಕೇಳಿದಾಗ ಒಂದು ಸಂಗತಿ ಸ್ಪಷ್ಟವಾಗಿದೆ. ಅವರಿಗೆ ಊರು ಹಿಡಿಸಲಿಲ್ಲ ಅಂತಲ್ಲ, ಅವರ ಅಳತೆ ತಪ್ಪಿತ್ತು. ದೂರ, ಬೆಲೆ, ಬಿಸಿಲು, ಜೂಜಿನ ಲೆಕ್ಕ, ಎಲ್ಲವೂ ಅಲ್ಲಿ ಕಣ್ಣಿಗೆ ಕಂಡದ್ದಕ್ಕಿಂತ ಹೆಚ್ಚು.

ಮೊದಲು ದೂರ. ಲಾಸ್ ವೇಗಸ್ ಅಂದಾಗ ನಮ್ಮ ಕಣ್ಣ ಮುಂದೆ ಬರುವ ದೀಪದ ಬೀದಿಗೆ ಅಲ್ಲಿಯವರು ಸ್ಟ್ರಿಪ್ ಅನ್ನುತ್ತಾರೆ. ಲಾಸ್ ವೇಗಸ್ ಬುಲೆವಾರ್ಡ್ ರಸ್ತೆಯ ದಕ್ಷಿಣದ ಭಾಗ ಅದು. ಅದರ ಬಹುಪಾಲು ಲಾಸ್ ವೇಗಸ್ ನಗರಸಭೆಯ ಗಡಿಯೊಳಗೆ ಇಲ್ಲವೇ ಇಲ್ಲ, ಪ್ಯಾರಡೈಸ್ ಎಂಬ ಹೆಸರಿನ ಪ್ರದೇಶದಲ್ಲಿದೆ. ಉದ್ದ ಸುಮಾರು 4.2 ಮೈಲಿ, ಅಂದರೆ 6.8 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಜಯನಗರ ನಾಲ್ಕನೇ ಬ್ಲಾಕಿನವರೆಗಿನ ದಾರಿ ಎಂದುಕೊಳ್ಳಿ. ಅಷ್ಟನ್ನೂ ನಡೆದೇ ನೋಡುತ್ತೇನೆ ಎಂದು ನಮ್ಮೂರಲ್ಲಿ ಯಾರೂ ಹೊರಡುವುದಿಲ್ಲ. ಅಲ್ಲಿ ಹೊರಡುತ್ತಾರೆ, ಯಾಕೆಂದರೆ ಎಲ್ಲವೂ ಎದುರಿಗೇ ಇದ್ದಂತೆ ಕಾಣುತ್ತದೆ. ಒಂದೊಂದು ಹೋಟೆಲೂ ಮೂರು ಸಾವಿರ, ನಾಲ್ಕು ಸಾವಿರ ಕೋಣೆಗಳ ಕಟ್ಟಡ. ಎಂಜಿಎಂ ಗ್ರ್ಯಾಂಡ್‌ನಲ್ಲಂತೂ ಐದು ಸಾವಿರದ ಆಸುಪಾಸು. ಅಷ್ಟು ದೊಡ್ಡದು ಮುಂದೆ ನಿಂತಾಗ ಕಣ್ಣು ಅದನ್ನು ಹತ್ತಿರವೆಂದೇ ಲೆಕ್ಕ ಹಾಕುತ್ತದೆ. ಅಲ್ಲಿನ ಪ್ಯಾರಿಸ್ ಎಂಬ ಹೋಟೆಲಿನ ಮುಂದೆ ಐಫೆಲ್ ಗೋಪುರದ ನಕಲೊಂದಿದೆ. ಮೈಸೂರಿನ ನಿವೃತ್ತ ಮೇಷ್ಟ್ರು ದಂಪತಿ "ಐಫೆಲ್ ಗೋಪುರ ಇಲ್ಲೇ ಕಾಣ್ತಿತ್ತು" ಎಂದು ಲಕ್ಸರ್ ಹೋಟೆಲಿನಿಂದ ನಡೆಯತೊಡಗಿ, ಮುಕ್ಕಾಲು ಗಂಟೆಯಾದ ಮೇಲೆ ನನಗೆ ಫೋನು ಮಾಡಿದ್ದರು. ಗೋಪುರ ಇನ್ನೂ ಎದುರಿಗೇ ಕಾಣುತ್ತಿತ್ತು.

ನಕ್ಷೆಯಲ್ಲಿ ಸಿಗದ ದೂರವೂ ಒಂದಿದೆ. ಕೋಣೆಯಿಂದ ಲಿಫ್ಟಿಗೆ ಉದ್ದನೆಯ ಪಡಸಾಲೆ, ಲಿಫ್ಟಿನಿಂದ ಕ್ಯಾಸಿನೊ, ಅಂದರೆ ಜೂಜಿನ ಅಂಗಳ, ದಾಟಿ ಬೀದಿಗೆ ಇನ್ನೊಂದಷ್ಟು. ಬಾಗಿಲು ಹಾಕಿ ಬೀದಿಗೆ ಕಾಲಿಡುವುದಕ್ಕೇ ಹತ್ತು ಹದಿನೈದು ನಿಮಿಷ ಬೇಕು. ದೊಡ್ಡ ಕೂಡುರಸ್ತೆಗಳನ್ನು ಕೆಳಗೇ ದಾಟುವಂತಿಲ್ಲ, ಮೇಲ್ಸೇತುವೆ ಹತ್ತಿ ಇಳಿಯಬೇಕು. ಆ ಸೇತುವೆಯ ಮೇಲೆ ನಿಂತು ಫೋಟೊ ತೆಗೆಯಲು ಎಲ್ಲರಿಗೂ ಆಸೆ. 2024ರ ಜನವರಿಯಲ್ಲಿ ಕ್ಲಾರ್ಕ್ ಕೌಂಟಿ, ಅಂದರೆ ಅಲ್ಲಿನ ಜಿಲ್ಲಾ ಆಡಳಿತ, ಅಲ್ಲಿ ನಿಲ್ಲುವುದನ್ನೇ ಅಪರಾಧವಾಗಿಸಿದೆ. ನಡೆಯುತ್ತಲೇ ಇರಿ.

ಅದಕ್ಕೇ ಎರಡು ರಾತ್ರಿಯ ಪ್ರವಾಸಕ್ಕೆ ಬೀದಿಯ ನಡುಭಾಗದಲ್ಲೇ, ಬೆಲ್ಲಾಜಿಯೊ, ಪ್ಯಾರಿಸ್, ಫ್ಲೆಮಿಂಗೊ ಹೋಟೆಲುಗಳ ಆಸುಪಾಸಿನಲ್ಲಿ, ಉಳಿಯಲು ಹೇಳುತ್ತೇನೆ. ತುದಿಯ ಹೋಟೆಲಿನಲ್ಲಿ ಮೂವತ್ತು ಡಾಲರ್ ಉಳಿಸಿದರೆ ಟ್ಯಾಕ್ಸಿಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ, ಮೊಣಕಾಲು ನೋವು ಬೇರೆ. ಹಗಲೂ ರಾತ್ರಿ ಓಡುವ ಡ್ಯೂಸ್ ಎಂಬ ಡಬಲ್ ಡೆಕರ್ ಬಸ್ಸಿದೆ. ನಿಧಾನ, ಆದರೆ ಮೇಲಂತಸ್ತಿನ ಮುಂದಿನ ಸೀಟು ಸಿಕ್ಕರೆ ಇಡೀ ಬೀದಿಯನ್ನು ಕೂತೇ ನೋಡಬಹುದು. ಮಾನೊರೇಲ್ ಬೀದಿಯ ಪೂರ್ವದ ಹೋಟೆಲುಗಳ ಹಿಂಬದಿಯಲ್ಲಿ ಹೋಗುತ್ತದೆ, ವಿಮಾನ ನಿಲ್ದಾಣಕ್ಕೆ ಹೋಗುವುದಿಲ್ಲ.

ಇನ್ನು ಬೆಲೆ. ಕೋಣೆ 60 ಡಾಲರ್ ಎಂದು ಅಳಿಯಂದಿರು ಖುಷಿಯಿಂದ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದರ ಮೇಲೆ ರೆಸಾರ್ಟ್ ಫೀ ಎಂಬುದೊಂದಿದೆ. ವೈಫೈ, ಈಜುಕೊಳ, ಜಿಮ್ ಹೆಸರಿನಲ್ಲಿ ರಾತ್ರಿಗೆ 40ರಿಂದ 55 ಡಾಲರ್, ಬಳಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಎರಡೂ ಸೇರಿದ ಮೊತ್ತಕ್ಕೆ ಸುಮಾರು 13 ಪ್ರತಿಶತ ತೆರಿಗೆ. ಅರುವತ್ತರ ಕೋಣೆ ನೂರಿಪ್ಪತ್ತಕ್ಕೆ ಬಂದು ನಿಲ್ಲುತ್ತದೆ. 2025ರ ಮೇ ತಿಂಗಳಿಂದ ಅಮೆರಿಕ ಸರ್ಕಾರದ ನಿಯಮದಂತೆ ಇಂಥ ಕಡ್ಡಾಯ ಶುಲ್ಕವನ್ನು ಮೊದಲೇ ಸೇರಿಸಿ ತೋರಿಸಬೇಕು. ತೆರಿಗೆ ಮಾತ್ರ ಈಗಲೂ ಆಮೇಲೆ ಸೇರುತ್ತದೆ. ಚೆಕ್ ಇನ್ ಮಾಡುವಾಗ ಮುಂಗಡವೆಂದು ಕಾರ್ಡಿನಲ್ಲಿ ಒಂದಷ್ಟು ಹಣ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡೇ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮದೇ ದುಡ್ಡು ದಿನಗಟ್ಟಲೆ ನಿಮ್ಮ ಕೈಗೆ ಸಿಗುವುದಿಲ್ಲ.

ಯಾವ ದಿನ ಹೋಗುತ್ತೀರಿ ಅನ್ನುವುದು ಯಾವ ಹೋಟೆಲ್ ಅನ್ನುವುದಕ್ಕಿಂತ ಮುಖ್ಯ. ಸೋಮವಾರದಿಂದ ಗುರುವಾರದೊಳಗೆ ಅಗ್ಗ, ಶುಕ್ರ ಶನಿ ದುಬಾರಿ, ಲಾಂಗ್ ವೀಕೆಂಡ್ ಅಂತೂ ಬೇಡವೇ ಬೇಡ. ಅಳಿಯಂದಿರಿಗೆ ರಜೆಯ ಕಷ್ಟವಿದೆ ಎಂದು ಗೊತ್ತು, ಆದರೂ ಭಾನುವಾರ ಮಧ್ಯಾಹ್ನ ಹೋಗಿ ಮಂಗಳವಾರ ಬರಲಾಗುತ್ತದೆಯೇ ನೋಡಿ ಎಂದು ಕೇಳುತ್ತೇನೆ. ಜನವರಿ ಮೊದಲ ವಾರಗಳಲ್ಲಿ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳ, ನವೆಂಬರಿನಲ್ಲಿ 2023ರಿಂದ ಫಾರ್ಮುಲಾ ಒನ್ ರೇಸು. ರೇಸಿಗೆ ಸ್ಟ್ರಿಪ್ಪಿನ ರಸ್ತೆಯನ್ನೇ ಬಳಸುತ್ತಾರೆ. ಆ ದಿನಗಳಲ್ಲಿ ಕೋಣೆಯ ದರ ಕೈಗೆಟುಕುವುದಿಲ್ಲ.

ಕೋಣೆಯ ಒಳಗಿನದೂ ಒಂದು ಮಾತು. ಫ್ರಿಜ್ ಇದೆ ಎಂದು ಮೊಸರಿನ ಡಬ್ಬಿ ಇಡಲು ಒಳಗಿರುವ ಬಾಟಲಿ ಸರಿಸಬೇಡಿ. ಅದು ಮಿನಿಬಾರ್. ಎಷ್ಟೋ ಕಡೆ ಸೆನ್ಸರ್ ಇರುತ್ತದೆ, ಎತ್ತಿದ್ದು ಕೊಂಡಂತೆಯೇ ಲೆಕ್ಕ. ಬಿಸಿನೀರು ಕಾಯಿಸುವ ಕೆಟಲ್ ಬಹಳ ಹೋಟೆಲುಗಳಲ್ಲಿ ಇರುವುದಿಲ್ಲ. ಹಾಗಾಗಿ ಇನ್‌ಸ್ಟಂಟ್ ಉಪ್ಪಿಟ್ಟಿನ ಪೊಟ್ಟಣಕ್ಕಿಂತ ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಕೆಲಸಕ್ಕೆ ಬರುತ್ತವೆ. ನೀರನ್ನು ಹೋಟೆಲಿನ ಒಳಗೆ ಕೊಳ್ಳದೆ ಬೀದಿಯ ಔಷಧಿ ಅಂಗಡಿಯಲ್ಲಿ ಕೊಳ್ಳಿ. ಸಿಗರೇಟಿನ ಹೊಗೆ ಆಗದವರು ಮೊದಲೇ ತಿಳಿದಿರಲಿ, ಕ್ಯಾಸಿನೊ ಅಂಗಳದಲ್ಲಿ ಇಂದಿಗೂ ಸೇದಲು ಅವಕಾಶವಿದೆ. ಸ್ಟ್ರಿಪ್ಪಿನಲ್ಲಿ ಪೂರ್ತಿ ಹೊಗೆಮುಕ್ತವಾದದ್ದು ಪಾರ್ಕ್ ಎಂಜಿಎಂ. ಉಬ್ಬಸದ ತೊಂದರೆ ಇರುವವರನ್ನು ನಾನು ಅಲ್ಲಿಗೇ ಕಳಿಸುವುದು.

ಜೂಜಿನ ವಿಷಯಕ್ಕೆ ಬಂದರೆ, ಆಡಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಲೆಕ್ಕವನ್ನು ಮಾತ್ರ ಎದುರು ಕೂರಿಸಿಕೊಂಡು ಬಿಡಿಸಿ ಹೇಳುತ್ತೇನೆ. ಗುಂಡು ಉರುಳಿ ಯಾವ ಮನೆಗೆ ಬೀಳುತ್ತದೆಂದು ಪಣ ಕಟ್ಟುವ ರೂಲೆಟ್ ಚಕ್ರದಲ್ಲಿ 1ರಿಂದ 36ರವರೆಗೆ ಮನೆಗಳು, ಜೊತೆಗೆ ಎರಡು ಸೊನ್ನೆ, ಒಟ್ಟು 38. ಮೂವತ್ತೆಂಟು ಜನ ಒಂದೊಂದು ಮನೆಗೆ ಒಂದೊಂದು ಡಾಲರ್ ಕಟ್ಟಿದರು ಎನ್ನಿ. ಗೆದ್ದವನ ಕೈಗೆ ಅವನ ಡಾಲರೂ ಸೇರಿ 36 ಬರುತ್ತದೆ. ಉಳಿದ ಎರಡು ಕ್ಯಾಸಿನೊದ್ದು. ಕಟ್ಟಿದ ನೂರಕ್ಕೆ 5.26 ಹೋಯಿತು. ಯುರೋಪಿನ ಚಕ್ರದಲ್ಲಿ ಒಂದೇ ಸೊನ್ನೆ, ಅಲ್ಲಿ 2.7. ಈಚೆಗೆ ಸ್ಟ್ರಿಪ್ಪಿನ ಹಲವು ಮೇಜುಗಳಲ್ಲಿ ಮೂರನೆಯ ಸೊನ್ನೆ ಬಂದಿದೆ, ಅಲ್ಲಿ 7.69. ನೋಡಲು ಎಲ್ಲವೂ ಅದೇ ಚಕ್ರ, ಅದೇ ಕೆಂಪು ಕಪ್ಪು. ಕೂರುವ ಮುಂಚೆ ಸೊನ್ನೆಯ ಹಸಿರು ಮನೆಗಳನ್ನು ಎಣಿಸಿ.

ಬ್ಲ್ಯಾಕ್‌ಜಾಕ್ ಇಸ್ಪೀಟಿನಲ್ಲೂ ಹಾಗೆಯೇ. ಎಕ್ಕವೂ ಹತ್ತರ ಬೆಲೆಯ ಎಲೆಯೂ ಮೊದಲೆರಡರಲ್ಲೇ ಬಂದರೆ, ಹಳೆಯ ಪದ್ಧತಿಯ ಮೇಜಿನಲ್ಲಿ 10 ಡಾಲರಿಗೆ 15 ಕೊಡುತ್ತಾರೆ, ಮೇಜಿನ ಬಟ್ಟೆಯ ಮೇಲೆ 3ಕ್ಕೆ 2 ಎಂಬ ಅರ್ಥದ ಅಂಕಿ ಇರುತ್ತದೆ. ಈಗ ಕಡಿಮೆ ಪಣದ ಮೇಜುಗಳಲ್ಲಿ ಹೆಚ್ಚಾಗಿ ಕಾಣುವುದು 6ಕ್ಕೆ 5ರ ಲೆಕ್ಕ, ಅದೇ 10ಕ್ಕೆ 12 ಮಾತ್ರ. ಅಷ್ಟರಿಂದಲೇ ಆಟಗಾರನಿಗೆ ನೂರಕ್ಕೆ ಸುಮಾರು 1.4 ಹೆಚ್ಚು ನಷ್ಟ. ಸಣ್ಣದೆನಿಸಬಹುದು, ಆದರೆ ಚೆನ್ನಾಗಿ ಆಡಬಲ್ಲವನಿಗೆ ಹಳೆಯ ಮೇಜಿನಲ್ಲಿ ಆಗುವ ಒಟ್ಟು ನಷ್ಟಕ್ಕಿಂತ ಅದು ದೊಡ್ಡದು.

ನಮ್ಮವರು ಹೆಚ್ಚಾಗಿ ಕೂರುವುದು ಗುಂಡಿ ಒತ್ತಿ ಆಡುವ ಸ್ಲಾಟ್ ಯಂತ್ರದ ಮುಂದೆ. ಯಾರೂ ನೋಡುವುದಿಲ್ಲ, ನಿಯಮ ಕಲಿಯಬೇಕಿಲ್ಲ. ಪೆನಿ ಸ್ಲಾಟ್ ಎಂಬ ಹೆಸರು ನೋಡಿ ಒಂದು ಸೆಂಟ್ ಎಂದುಕೊಳ್ಳಬೇಡಿ. ಒಂದು ಒತ್ತಿಗೆ ಕನಿಷ್ಠವೇ 50 ಸೆಂಟ್, ಮುಕ್ಕಾಲು ಡಾಲರ್ ಇರುವುದು ಸಾಮಾನ್ಯ. ನಿಮಿಷಕ್ಕೆ ಎಂಟು ಸಲ ಒತ್ತಿದರೆ ಗಂಟೆಗೆ 480 ಸಲ, 50 ಸೆಂಟಿನಂತೆ 240 ಡಾಲರ್ ಪಣವಾಯಿತು. ಹಾಕಿದ್ದರಲ್ಲಿ ಕಾಲಾಂತರದಲ್ಲಿ ಕನಿಷ್ಠ 75 ಪ್ರತಿಶತ ಆಟಗಾರರಿಗೆ ಮರಳಬೇಕೆಂದು ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ನಿಯಮವಿದೆ. ಯಂತ್ರಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಮರಳಿಸುತ್ತವೆ. ಆದರೆ ಆ ಲೆಕ್ಕ ಲಕ್ಷಾಂತರ ಒತ್ತುಗಳದ್ದು, ನಿಮ್ಮ ಒಂದು ಸಂಜೆಯದ್ದಲ್ಲ. ದೊಡ್ಡ ಜಾಕ್‌ಪಾಟ್ ಬಂದರೂ ಭಾರತದಿಂದ ಬಂದ ಪ್ರವಾಸಿಗೆ 30 ಪ್ರತಿಶತ ತೆರಿಗೆ ಅಲ್ಲೇ ಮುರಿದುಕೊಳ್ಳುತ್ತಾರೆ, ಆಗ ಪಾಸ್‌ಪೋರ್ಟ್ ತೋರಿಸಬೇಕು.

ನನ್ನ ಸಲಹೆ ಒಂದೇ. ತಲೆಗೆ ಇಷ್ಟು ಡಾಲರ್ ಎಂದು ಮನೆಯಲ್ಲೇ ಕವರಿನಲ್ಲಿ ಹಾಕಿ, ಜಾತ್ರೆಯ ತೊಟ್ಟಿಲಿಗೆ ಕೊಟ್ಟ ಟಿಕೆಟ್ ದುಡ್ಡಿನಂತೆ ಅದು ಖರ್ಚಾಯಿತೆಂದೇ ಹೊರಡಿ. ಎಟಿಎಂ ಕಾರ್ಡ್ ಕೋಣೆಯ ಸೇಫಿನಲ್ಲಿರಲಿ, ಕ್ಯಾಸಿನೊ ಒಳಗಿನ ಎಟಿಎಂ ಶುಲ್ಕ ಬಹಳ ಹೆಚ್ಚು. 21 ತುಂಬದವರು ಆಡುವಂತಿಲ್ಲ. ಮಕ್ಕಳನ್ನು ಕರೆದುಕೊಂಡು ಅಂಗಳ ದಾಟಿ ಹೋಗಬಹುದು, ಯಂತ್ರದ ಪಕ್ಕ ನಿಲ್ಲಿಸುವಂತಿಲ್ಲ.

ಇದೇ ಜಾಗದಲ್ಲಿ ಅಳಿಯಂದಿರಿಗೂ ಒಂದು ಮಾತು, ಇದನ್ನು ಫೋನಿನಲ್ಲಿ ಬಿಡದೆ ಹೇಳುತ್ತೇನೆ. ನೆವಾಡಾದಲ್ಲಿ 2017ರಿಂದ ಗಾಂಜಾ ಅಂಗಡಿಗಳು ಬಹಿರಂಗವಾಗಿವೆ. ಆದರೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅದು ಇನ್ನೂ ನಿಷಿದ್ಧ, ವಲಸೆ ಇಲಾಖೆ ನೋಡುವುದು ಕೇಂದ್ರ ಕಾನೂನನ್ನು. ಎಚ್1ಬಿ ವೀಸಾದಲ್ಲಿರುವವರು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ಆ ಅಂಗಡಿಯ ಒಳಗೆ ಕಾಲಿಡಬೇಡಿ. ಒಂದು ಸಂಜೆಯ ಕುತೂಹಲಕ್ಕೆ ಹತ್ತು ವರ್ಷದ ಕಾಯುವಿಕೆಯನ್ನು ಒಡ್ಡುವುದು ಬೇಡ.

ನೋಡಲು ಏನಿದೆ? ಬೆಲ್ಲಾಜಿಯೊದ ಕಾರಂಜಿ ಮೊದಲನೆಯದು. 1998ರಿಂದ ನಡೆಯುತ್ತಿದೆ, ಟಿಕೆಟ್ ಇಲ್ಲ, ಸಂಜೆಯ ಮೇಲೆ ಹದಿನೈದು ನಿಮಿಷಕ್ಕೊಮ್ಮೆ. ಗಾಳಿ ಜೋರಾದರೆ ನಿಲ್ಲಿಸುತ್ತಾರೆ, ಹಾಗಾಗಿ ಮೊದಲ ಸಂಜೆಯೇ ನೋಡಿಬಿಡಿ. ಅದೇ ಹೋಟೆಲಿನ ಒಳಗಿನ ಹೂದೋಟವೂ ಪುಕ್ಕಟೆ, ಋತುವಿಗೊಂದು ಅಲಂಕಾರ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಇಷ್ಟಪಡುವವರು ಅಲ್ಲಿಂದ ಬೇಗ ಹೊರಡುವುದಿಲ್ಲ. 2023ರಲ್ಲಿ ತೆರೆದ ಸ್ಫಿಯರ್ ಎಂಬ ಗೋಳಾಕಾರದ ಭಾರಿ ಪ್ರದರ್ಶನ ಮಂದಿರದ ಹೊರಮೈಯ ದೀಪದ ಚಿತ್ರಗಳನ್ನು ಬೀದಿಯಿಂದಲೇ ನೋಡಬಹುದು. ಒಳಗೆ ಹೋಗುವುದಾದರೆ 100ರ ಸಾಲಿನ ಹಿಂದಿನ ಸೀಟು ಕೊಳ್ಳಬೇಡಿ, ಮೇಲಂತಸ್ತು ಅಡ್ಡ ಬಂದು ಪರದೆ ಪೂರ್ತಿ ಕಾಣುವುದಿಲ್ಲ. 400ರ ಸಾಲು ಬಹಳ ಕಡಿದು, ತಲೆಸುತ್ತು ಬರುವವರಿಗೆ ಬೇಡ. ಎರಡನೆಯ ರಾತ್ರಿ ಹಳೆಯ ಊರಿನ ಫ್ರೀಮಾಂಟ್ ಬೀದಿಗೆ ಹೋಗಿ, ಅಲ್ಲಿ ಬೀದಿಗೆ ಬೀದಿಯೇ ದೀಪದ ಚಪ್ಪರದ ಕೆಳಗಿದೆ. 1905ರಲ್ಲಿ ರೈಲು ಕಂಪನಿ ನಿವೇಶನ ಹರಾಜು ಹಾಕಿ ಹುಟ್ಟಿಸಿದ ಊರು ಅದೇ. ದಾರಿಯಲ್ಲಿ ಉಚಿತ ಷೋ ಟಿಕೆಟ್ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅವರು ಟೈಮ್‌ಷೇರ್, ಅಂದರೆ ವರ್ಷಕ್ಕೆ ಕೆಲವು ದಿನ ಉಳಿಯುವ ರಜೆಮನೆಯ ಪಾಲು, ಮಾರುವವರು, ನಿಮ್ಮ ಅರ್ಧ ದಿನ ಹೋಗುತ್ತದೆ.

ಎಲ್ಲರೂ ಕೇಳುವುದು ಪಕ್ಕದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಣಿವೆ. ಇಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ರಾಷ್ಟ್ರೀಯ ಉದ್ಯಾನದ ಸೌತ್ ರಿಮ್, ಅಂದರೆ ಕಣಿವೆಯ ದಕ್ಷಿಣದಂಚು, ಸುಮಾರು 280 ಮೈಲಿ, ಒಂದು ಬದಿಗೇ ನಾಲ್ಕೂವರೆ ಗಂಟೆ. ಬೆಳಗ್ಗೆ ಹೋಗಿ ರಾತ್ರಿ ಬಂದವರಿಗೆ ನೆನಪಿರುವುದು ಕಾರಿನ ಸೀಟು ಮಾತ್ರ. ಎರಡು ಗಂಟೆಯ ಮೇಲೆ ಸಿಗುವ ವೆಸ್ಟ್ ರಿಮ್ ಬೇರೆಯೇ ಜಾಗ, ಹುವಾಲಪೈ ಬುಡಕಟ್ಟಿನವರದು. ಉದ್ಯಾನದ ಪಾಸ್ ಅಲ್ಲಿ ನಡೆಯುವುದಿಲ್ಲ. ಚಳಿಗಾಲದಲ್ಲಿ ಅರಿಜೋನಾದ ಗಡಿಯಾರ ನೆವಾಡಾಕ್ಕಿಂತ ಒಂದು ಗಂಟೆ ಮುಂದೆ ಇರುವುದರಿಂದ ಟಿಕೆಟಿನ ಹೊತ್ತು ತಪ್ಪಿಸಿಕೊಂಡವರೂ ಇದ್ದಾರೆ. ಕ್ಯಾನ್ಯನ್ ನೋಡಲೇಬೇಕೆಂದರೆ ಸೌತ್ ರಿಮ್‌ನಲ್ಲಿ ಒಂದು ರಾತ್ರಿ ಉಳಿಯುವಂತೆ ಇನ್ನೊಂದು ದಿನ ಸೇರಿಸಿ, ಸೂರ್ಯಾಸ್ತವೂ ಸಿಗುತ್ತದೆ.

ಎರಡೇ ರಾತ್ರಿ ಇರುವವರಿಗೆ ನಾನು ಕೊಡುವುದು ಹೂವರ್ ಅಣೆಕಟ್ಟು, ಮುಕ್ಕಾಲು ಗಂಟೆಯ ದಾರಿ. ಮಂಡ್ಯದ ಕಡೆಯವರು, ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಹಿರಿಯರೊಬ್ಬರು ಅಲ್ಲಿಂದ ಬಂದ ಮೇಲೆ ಬೀದಿಯ ದೀಪಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ಕೊನೆಗೆ ಬರುತ್ತಿದ್ದ ಕಾಲಕ್ಕೆ, 1931ರಲ್ಲಿ, ಅಲ್ಲಿ ಕೆಲಸ ಶುರುವಾಯಿತು. ಎತ್ತರದಲ್ಲಿ ನಮ್ಮದು ಸುಮಾರು 130 ಅಡಿ, ಅದು 726 ಅಡಿ. ನಮ್ಮದು ಅಗಲಕ್ಕೆ ಹರಡಿದ ಕಲ್ಲಿನ ಕಟ್ಟೆ, ಅದು ಎರಡು ಬಂಡೆಗಳ ನಡುವೆ ಬಿಲ್ಲಿನಂತೆ ಬಾಗಿಸಿ ಸಿಕ್ಕಿಸಿದ ಕಾಂಕ್ರೀಟು. ಇದನ್ನು ಅವರು ಕಾಗದದ ಮೇಲೆ ಗೀಚಿ ತೋರಿಸಿದರು. ನೆವಾಡಾ ಜೂಜನ್ನು ಕಾನೂನುಬದ್ಧ ಮಾಡಿದ್ದೂ ಅದೇ 1931ರಲ್ಲಿ. ಅಣೆಕಟ್ಟಿನ ಕೆಲಸಗಾರರಿಗಾಗಿ ಸರ್ಕಾರ ಕಟ್ಟಿದ ಬೌಲ್ಡರ್ ಸಿಟಿಯಲ್ಲಿ ಮಾತ್ರ ಆಗಲೂ ಜೂಜಿಗೆ ಅವಕಾಶ ಕೊಡಲಿಲ್ಲ, ಇಂದಿಗೂ ಇಲ್ಲ. ವಾಪಸ್ ಬರುವಾಗ ಆ ಊರಿನಲ್ಲಿ ನಿಂತು ಕಾಫಿ ಕುಡಿಯಿರಿ.

ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿನ ಓಡಾಟವೆಲ್ಲ ಬೆಳಗ್ಗೆ ಹತ್ತರೊಳಗೆ ಮುಗಿಯಲಿ. ಜುಲೈಯಲ್ಲಿ ಮಧ್ಯಾಹ್ನ 40 ಡಿಗ್ರಿ ಮಾಮೂಲು, 2024ರ ಜುಲೈ 7ರಂದು 48.9 ಮುಟ್ಟಿತ್ತು. ಒಣಹವೆಯಲ್ಲಿ ಬೆವರು ಕಾಣುವ ಮುಂಚೆಯೇ ಆರಿಹೋಗುತ್ತದೆ, ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ನೀರಿನ ಬಾಟಲಿ ಕೈಯಿಂದ ಬಿಡಬೇಡಿ. ಡಿಸೆಂಬರಿನಲ್ಲಿ ಹೋಗುವವರು ಸ್ವೆಟರ್ ಮರೆಯಬೇಡಿ, ಮರುಭೂಮಿಯ ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ.

ಕಾರಿನಲ್ಲಿ ಲಾಸ್ ಏಂಜಲೀಸ್ ಕಡೆಗೆ ಮರಳುವವರಿಗೆ ಇನ್ನೊಂದು ವಿಷಯ. ನಕ್ಷೆ ನಾಲ್ಕು ಗಂಟೆ ಎನ್ನುತ್ತದೆ. ಭಾನುವಾರ ಮಧ್ಯಾಹ್ನ ವಾರಾಂತ್ಯಕ್ಕೆ ಬಂದವರೆಲ್ಲ ಅದೇ ಐ-15 ಹೆದ್ದಾರಿ ಹಿಡಿಯುತ್ತಾರೆ, ಆಗ ಏಳೂ ಆಗಬಹುದು. ನಡುವೆ ಊರುಗಳು ವಿರಳ. ಬೆಳಗ್ಗೆ ಎಂಟರೊಳಗೆ ಹೊರಡಿ, ಪೆಟ್ರೋಲ್ ಊರಲ್ಲೇ ತುಂಬಿಸಿ, ಉಳಿದ ಚಪಾತಿ ಕಾರಿನಲ್ಲಿರಲಿ.