ಒಬ್ಬೊಬ್ರ ಫೋನಲ್ಲಿ ಒಂದೊಂದು ಸತ್ಯ: ಇಲ್ಲಿಗೆ ಹೇಗೆ ಬಂದ್ವಿ?

ನಮ್ಮ ಗೌರಿಬಿದನೂರು ತಾಲ್ಲೂಕು ಹೊಸೂರಿನವರು ಎಚ್. ನರಸಿಂಹಯ್ಯ, ಬೆಂಗಳೂರು ವಿವಿ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡ, ಮೂಢನಂಬಿಕೆಗಳನ್ನ ಪರೀಕ್ಷೆ ಮಾಡೋಕೆ ಅಂತಾನೇ ಒಂದು ಸಮಿತಿ ಮಾಡಿದ್ರು. ಪುಟ್ಟಪರ್ತಿ ಸಾಯಿಬಾಬಾಗೆ ಪತ್ರ ಬರೆದು ನಮ್ಮ ಮುಂದೆ ಮಾಡಿ ತೋರ್ಸಿ ಅಂತ ಕೇಳಿದ್ರು, ಬಾಬಾ ಒಪ್ಪಲಿಲ್ಲ. ಭಕ್ತರು ಬೈದ್ರು, ವಿಚಾರವಾದಿಗಳು ಬೆನ್ನಿಗೆ ನಿಂತ್ರು, ಆದ್ರೆ ಜಗಳ ಆಡಿದ ಎರಡೂ ಕಡೆಯವರು ಓದ್ತಿದ್ದಿದ್ದು ಅವೇ ನಾಲ್ಕು ಪೇಪರ್ರು, ಕೇಳ್ತಿದ್ದಿದ್ದು ಅದೇ ಆಕಾಶವಾಣಿ ವಾರ್ತೆ. ಆ ಕಾಲ ಬಲು ಚೆನ್ನಾಗಿತ್ತು ಅಂತ ಹೇಳ್ತಿಲ್ಲ, ದಲಿತರ ಕೇರಿಯ ಎಷ್ಟೋ ಸಂಗತಿ ಆ ಪೇಪರಲ್ಲಿ ಬರ್ತಾನೇ ಇರ್ಲಿಲ್ಲ.

1995ರ ಸೆಪ್ಟೆಂಬರಲ್ಲಿ ಗಣೇಶ ಹಾಲು ಕುಡೀತಾನೆ ಅಂತ ಒಂದೇ ದಿನದಲ್ಲಿ ದೇಶಕ್ಕೆಲ್ಲಾ ಹಬ್ಬಿತ್ತಲ್ಲ, ಆಗ ಸುದ್ದಿ ಓಡಿದ್ದು ಹೆಚ್ಚಾಗಿ ಲ್ಯಾಂಡ್‌ಲೈನ್ ಫೋನಲ್ಲಿ. ಚಮಚದ ಹಾಲು ಮೇಲಕ್ಕೆ ಎಳೆದುಕೊಳ್ಳೋಕೆ ಕಾರಣ ದ್ರವದ ಮೇಲ್ಮೈ ಎಳೆತ ಅಂತ ವಿಜ್ಞಾನಿಗಳು ಹೇಳಿದ್ದೂ ಹಾಗೇ ಎಲ್ರಿಗೂ ತಲುಪ್ತು, ಒಪ್ಪೋರು ಒಪ್ಪಿದ್ರು, ಬಿಡೋರು ಬಿಟ್ರು.

2016ರ ಸೆಪ್ಟೆಂಬರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ್ಮೇಲೆ ಲೆಕ್ಕಾನೇ ಬೇರೆ ಆಯ್ತು. ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸೋಕೆ ಮಾಡಿದ್ದ ಒಂದು ವಿಡಿಯೋ, ಕೊನೇಲಿ ಬೈಕಿನವರು ಮಗುನ ವಾಪಸ್ ತಂದುಬಿಡೋದನ್ನ ಯಾರೋ ಕತ್ತರಿಸಿ ಹಾಕಿ, ಮಕ್ಕಳ ಕಳ್ಳರು ಬಂದವ್ರೆ ಅಂತ ನಮ್ಮ ಗ್ರೂಪುಗಳಿಗೆಲ್ಲಾ ಬಿಟ್ರು. 2018ರಲ್ಲಿ ಇಂಥ ವದಂತಿ ನಂಬಿ ಬೆಂಗಳೂರಲ್ಲಿ, ಬೀದರಿನ ಮುರ್ಕಿಯಲ್ಲಿ ಅಮಾಯಕರನ್ನ ಹೊಡೆದು ಕೊಂದೇ ಬಿಟ್ರು. ಆಮೇಲೆ ವಾಟ್ಸಾಪ್‌ನವರು ಒಂದ್ಸಲಕ್ಕೆ ಐದು ಚಾಟ್‌ಗಷ್ಟೇ ಫಾರ್ವರ್ಡ್ ಅಂತ ಮಿತಿ ಹಾಕಿದ್ರು. ಓಟ ನಿಧಾನ ಆಗಿರ್ಬೋದು, ನಿಜ ಯಾವ್ದು ಅಂತ ಒಟ್ಟಿಗೆ ಕೂತು ನೋಡೋ ಜಾಗ ಮಾತ್ರ ಅದ್ರಿಂದ ವಾಪಸ್ ಬರ್ಲಿಲ್ಲ. 2023ರ ನವೆಂಬರಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೋ, ಅಂದ್ರೆ ಬೇರೆಯವರ ವಿಡಿಯೋಗೆ ಕಂಪ್ಯೂಟರಲ್ಲಿ ಅವರ ಮುಖ ಅಂಟಿಸಿದ್ದು, ಬಂದ್ಮೇಲಂತೂ ಕಣ್ಣಲ್ಲಿ ಕಂಡಿದ್ದನ್ನೂ ನಂಬೋ ಹಾಗಿಲ್ಲ, ಜೊತೆಗೆ ನಿಜವಾದ ವಿಡಿಯೋ ಬಂದ್ರೂ ಫೇಕು ಅಂದು ತಪ್ಪಿಸ್ಕೊಳ್ಳೋಕೆ ದಾರಿ ಆಯ್ತು, ನನ್ನ ಪ್ರಕಾರ ಇದೇ ದೊಡ್ಡ ಅಪಾಯ.

ಚಿಕ್ಕಬಳ್ಳಾಪುರದಲ್ಲೇ ನೋಡಿ. ಹೆಬ್ಬಾಳ-ನಾಗವಾರ ವ್ಯಾಲಿ ಯೋಜನೇಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕಂದವಾರ ಕೆರೆ ಕಡೆಗೆಲ್ಲಾ ಬಿಡ್ತಾರೆ. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ನೀರಾವರಿ ಹೋರಾಟಗಾರರು ಕೇಳ್ತಾನೇ ಇದ್ದಾರೆ. ಈ ನೀರಿನ ವಿಷಯ ಬಂದ್ರೆ ಒಬ್ರು ಬೋರ್‌ವೆಲ್ ತುಂಬಿದ ವಿಡಿಯೋ ತೋರಿಸ್ತಾರೆ, ಇನ್ನೊಬ್ರು ನೊರೆ ವಿಡಿಯೋ ತೋರಿಸ್ತಾರೆ, ಯಾವ ಕೆರೆ, ಯಾವ ವರ್ಷ ಅಂತ ಕೇಳಿದ್ರೆ ಇಬ್ರಿಗೂ ಸಿಟ್ಟು ಬರುತ್ತೆ. ಪ್ರಶ್ನೆ ಮಾಡ್ದೆ ಒಪ್ಪಬಾರ್ದು ಅನ್ನೋದನ್ನ ನರಸಿಂಹಯ್ಯನವರು ಜೀವನ ಪೂರ್ತಿ ಹೇಳಿದ್ರು, ಆದ್ರೆ ಪ್ರಶ್ನೆ ಆದ್ಮೇಲೆ ಎಲ್ರ ಮುಂದೆ ಪರೀಕ್ಷೆ ಆಗ್ಬೇಕು ಅನ್ನೋದೂ ಅವರ ಹಟ ಆಗಿತ್ತು, ನಾವು ಮೊದಲರ್ಧ ಇಟ್ಕೊಂಡು ಉಳಿದಿದ್ದನ್ನ ಬಿಟ್ವಿ. ಕೆರೆ ನೀರಿನ ಲ್ಯಾಬ್ ರಿಪೋರ್ಟನ್ನ ತಿಂಗಳು ತಿಂಗಳು ಕನ್ನಡದಲ್ಲಿ ಪಂಚಾಯ್ತಿ ಆಫೀಸಿನ ಗೋಡೆಗೆ ಅಂಟಿಸ್ಲಿ, ಸ್ಯಾಂಪಲ್ ತೆಗೆಯೋವಾಗ ಎರಡೂ ಕಡೆಯವರನ್ನ ಕೆರೆ ಹತ್ರ ಕರೀಲಿ.