ಎರಡೂವರೆ ಸಾವಿರ ವರ್ಷ ಬಾಳಿದ ನೆಲ, ಒಂದು ವರ್ಷದ ಕಾಯ್ದೆ: ಇರಾಕಿನ ಯಹೂದಿಗಳ ಕಥೆ

ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಬ್ಯಾಬಿಲೋನಿನ (ಇಂದಿನ ಇರಾಕ್) ದೊರೆ ನೆಬುಕಡ್ನೆಜರ್ ಜೆರುಸಲೇಮಿನಿಂದ ಸೆರೆಹಿಡಿದು ತಂದವರ ಸಂತತಿ ಇರಾಕಿನ ಯಹೂದಿ ಸಮುದಾಯದ ಮೂಲ. ಇಸ್ಲಾಂ ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಅವರು ಅಲ್ಲಿ ನೆಲೆಸಿದ್ದರು. ಯಹೂದಿ ಧರ್ಮಶಾಸ್ತ್ರದ ಮಹಾಸಂಗ್ರಹವಾದ ಬ್ಯಾಬಿಲೋನಿಯನ್ ತಾಲ್ಮುಡ್ ರೂಪುಗೊಂಡದ್ದು ಆ ನೆಲದಲ್ಲಿಯೇ. ಹಾಗೆಂದು ಅವರ ಬದುಕು ಸದಾ ನಿರಾತಂಕವಾಗಿರಲಿಲ್ಲ. ಆಳುವವನು ಬದಲಾದಂತೆ ಅವರ ಸ್ಥಿತಿಯೂ ಬದಲಾಗುತ್ತಿತ್ತು. ಒಟ್ಟೋಮನ್ ಕಾಲದಲ್ಲಿ ಬಾಗ್ದಾದನ್ನು ಆಳುತ್ತಿದ್ದ ದಾವೂದ್ ಪಾಷಾನ ಕಿರುಕುಳ ತಾಳಲಾರದೆ ಊರು ಬಿಟ್ಟ ಯಹೂದಿ ವರ್ತಕ ಡೇವಿಡ್ ಸಸೂನ್ 1830ರ ದಶಕದಲ್ಲಿ ಮುಂಬಯಿಗೆ ಬಂದು ನೆಲೆಸಿದರು. ಅಲ್ಲಿನ ಸಸೂನ್ ಡಾಕ್ ಇಂದಿಗೂ ಆ ಕುಟುಂಬದ ಹೆಸರನ್ನು ಉಳಿಸಿಕೊಂಡಿದೆ.

ಮೊದಲ ಮಹಾಯುದ್ಧದ ಹೊತ್ತಿಗೆ ಬಾಗ್ದಾದಿನ ನಿವಾಸಿಗಳಲ್ಲಿ ಸುಮಾರು ಮೂರರಲ್ಲೊಬ್ಬರು ಯಹೂದಿಗಳಾಗಿದ್ದರು. ಮನೆಯಲ್ಲಿ ಅರಬ್ಬಿಯನ್ನೇ ಆಡುತ್ತಿದ್ದ ಅವರು, ಯುದ್ಧದ ನಂತರ ರೂಪುಗೊಂಡ ಇರಾಕ್ ಎಂಬ ಹೊಸ ರಾಷ್ಟ್ರವನ್ನು ತಮ್ಮದೆಂದೇ ನಂಬಿದರು. ಇರಾಕಿನ ಮೊದಲ ಹಣಕಾಸು ಸಚಿವ ಸಸೂನ್ ಎಸ್ಕೆಲ್ ಯಹೂದಿ. 1932ರಲ್ಲಿ ಕೈರೋದ ಅರಬ್ ಸಂಗೀತ ಸಮ್ಮೇಳನಕ್ಕೆ ಹೋದ ಇರಾಕಿ ತಂಡದಲ್ಲಿ ಗಾಯಕ ಮುಹಮ್ಮದ್ ಅಲ್-ಕುಬ್ಬಾಂಜಿ ಮುಸ್ಲಿಮರಾಗಿದ್ದರೆ ವಾದ್ಯಗಾರರು ಯಹೂದಿಗಳು.

ಆ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1941ರಲ್ಲಿ. ನಾಜಿ ಜರ್ಮನಿಯತ್ತ ಒಲವಿದ್ದ ರಷೀದ್ ಅಲಿಯ ಸರ್ಕಾರ ಕುಸಿದು, ಬ್ರಿಟಿಷ್ ಪಡೆ ಇನ್ನೂ ಬಾಗ್ದಾದ್ ನಗರದ ಹೊರಗೇ ನಿಂತಿದ್ದಾಗ, ಜೂನ್ 1 ಮತ್ತು 2ರಂದು ‘ಫರ್ಹೂದ್’ ಎಂಬ ದೊಂಬಿ ನಡೆಯಿತು. ಸುಮಾರು 180 ಯಹೂದಿಗಳು ಹತರಾದರು. ನೆರೆಯ ಅನೇಕ ಮುಸ್ಲಿಮರು ತಮ್ಮ ಮನೆಗಳಲ್ಲಿ ಯಹೂದಿಗಳನ್ನು ಅಡಗಿಸಿಟ್ಟು ಕಾಪಾಡಿದರೆಂಬುದನ್ನೂ ಇಲ್ಲಿ ಹೇಳಲೇಬೇಕು. ಅಷ್ಟಾದರೂ ಬಹುಪಾಲು ಜನ ಊರು ಬಿಡಲಿಲ್ಲ.

ಅವರನ್ನು ಬೇರುಸಹಿತ ಕಿತ್ತದ್ದು ದೊಂಬಿಗಿಂತ ಹೆಚ್ಚಾಗಿ ಶಾಸನ ಎಂಬುದು ನನ್ನ ಅಭಿಪ್ರಾಯ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾಗಿ ಅರಬ್ ಸೈನ್ಯಗಳು ಸೋತ ಮೇಲೆ, ಇರಾಕಿನ ಪ್ರತಿಯೊಬ್ಬ ಯಹೂದಿಯೂ ಶಂಕಿತನಾದ. ಸರ್ಕಾರಿ ಕೆಲಸಗಳಿಂದ ಅವರನ್ನು ಹೊರಹಾಕಲಾಯಿತು. ಶಫೀಕ್ ಅದೆಸ್ ಎಂಬ ಸಿರಿವಂತ ವರ್ತಕನನ್ನು ಬಸ್ರಾದಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. 1950ರ ಮಾರ್ಚ್‌ನಲ್ಲಿ ಬಂದ ಕಾಯ್ದೆ, ಪೌರತ್ವ ತ್ಯಜಿಸುವ ಯಹೂದಿಗಳಿಗೆ ಒಂದು ವರ್ಷದ ಮಟ್ಟಿಗೆ ದೇಶ ಬಿಡುವ ಅವಕಾಶ ಕೊಟ್ಟಿತು. ಒಮ್ಮೆ ಹೊರಟವರಿಗೆ ಮರಳುವ ಹಕ್ಕಿರಲಿಲ್ಲ. ಆ ಅವಧಿ ಮುಗಿಯುವ ಹೊತ್ತಿಗೆ, ಒಂದು ಲಕ್ಷಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದಾಗ, 1951ರ ಮಾರ್ಚ್‌ನಲ್ಲಿ ಇನ್ನೊಂದು ಕಾಯ್ದೆ ಬಂದು ಪೌರತ್ವ ತೊರೆದವರ ಆಸ್ತಿಯನ್ನೆಲ್ಲ ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಇದಕ್ಕಿಂತ ನಿರ್ದಯವಾದ ಮೋಸವನ್ನು ಊಹಿಸುವುದು ಕಷ್ಟ. ಮನೆ, ಅಂಗಡಿ, ಬ್ಯಾಂಕಿನ ಹಣ ಎಲ್ಲವನ್ನೂ ಕಳೆದುಕೊಂಡ ಸುಮಾರು 1,20,000 ಮಂದಿ, ಬಟ್ಟೆಬರೆ ಮತ್ತು ಅಲ್ಪ ಹಣದೊಂದಿಗೆ ವಿಮಾನವೇರಿ ಇಸ್ರೇಲಿನ ಡೇರೆ ಶಿಬಿರಗಳಲ್ಲಿ ಇಳಿದರು.

ಉಳಿದ ಕೆಲವು ಸಾವಿರ ಜನರಿಗೂ ನೆಮ್ಮದಿ ಸಿಗಲಿಲ್ಲ. ಅರಬ್ ರಾಷ್ಟ್ರೀಯತಾವಾದಿ ಬಾತ್ ಪಕ್ಷ ಅಧಿಕಾರಕ್ಕೆ ಬಂದ ಮೇಲೆ, 1969ರ ಜನವರಿ 27ರಂದು ಗೂಢಚಾರಿಕೆಯ ಆರೋಪದ ಮೇಲೆ ಗಲ್ಲಿಗೇರಿಸಲಾದ 14 ಮಂದಿಯಲ್ಲಿ ಒಂಬತ್ತು ಜನ ಯಹೂದಿಗಳು. ಉಳಿದವರಲ್ಲಿ ಬಹುತೇಕರು 1970ರ ದಶಕದಲ್ಲಿ ಹೊರಟುಹೋದರು. ಈಗ ಅಲ್ಲಿರುವವರು ಬೆರಳೆಣಿಕೆಯಷ್ಟು.

ಬಾಗ್ದಾದ್ ರೇಡಿಯೋದ ವಾದ್ಯವೃಂದವನ್ನು ಕಟ್ಟಿ ಬೆಳೆಸಿದ ಸಾಲೆಹ್ ಮತ್ತು ದಾವೂದ್ ಅಲ್-ಕುವೈತಿ ಸಹೋದರರೂ ಆ ವಲಸೆಯಲ್ಲಿ ಇಸ್ರೇಲಿಗೆ ಹೋದರು. ಅವರು ರಚಿಸಿದ ರಾಗಗಳನ್ನು ಇರಾಕಿನ ಜನ ಹಾಡುತ್ತಲೇ ಬಂದರು, ರಚಿಸಿದವರ ಹೆಸರನ್ನು ಮಾತ್ರ ಸರ್ಕಾರ ಅಳಿಸಿಹಾಕಿತು.