ಟಿಕ್ ಫೀವರ್: ಸಲಾಯಿನ್ ಮುಗಿಸಿ ಮನೆಗೆ ಬಂದ ನಾಯಿ ಊಟ ಬಿಟ್ಟರೆ?

ಪ್ರಶ್ನೆ (ಕಲಬುರಗಿಯಿಂದ): "ನಮ್ಮ ನಾಯಿಗಿ ಟಿಕ್ ಫೀವರ್ ಅಂದ್ರು. ಡಾಕ್ಟರು ಮೂರು ದಿನ ಸಲಾಯಿನ್ ಹಚ್ಚಿ, ತಿಂಗಳತನ ಗುಳಿಗಿ ಬರದು ಕೊಟ್ಟಾರ. ಮನಿಗಿ ತಂದು ಎರಡು ದಿನ ಆಯ್ತು. ಗುಳಿಗಿ ಹಾಕಿದ ಕೂಡ್ಲೆ ವಾಂತಿ ಮಾಡ್ಲಿಕತ್ತದ, ಒಂದು ತುತ್ತೂ ತಿನ್ನಲ್ಲ. ಗುಳಿಗಿ ನಿಲ್ಲಿಸಿ ನೋಡ್ಬೇಕಾ?"

ಉತ್ತರ: ನೀವಾಗಿ ನಿಲ್ಲಿಸಬೇಡಿ. ಆದರೆ ಎರಡು ದಿನದ ಉಪವಾಸ ಸಣ್ಣ ಮಾತಲ್ಲ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಉಣ್ಣಿ ಕಚ್ಚಿ ಬರುವ ಈ ಜ್ವರಕ್ಕೆ ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಗುಳಿಗೆ. ದಿನಕ್ಕೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಅಂದರೆ 20 ಕಿಲೋ ನಾಯಿಗೆ 200 ಮಿಲಿಗ್ರಾಂ, ಒಟ್ಟು 28 ದಿನ. ರೋಗಾಣು ಬಿಳಿ ರಕ್ತಕಣದ ಒಳಗೇ ಮನೆ ಮಾಡಿರುತ್ತದೆ. ಎರಡು ಮೂರು ದಿನಕ್ಕೆ ಜ್ವರ ಇಳಿದು ನಾಯಿ ಎದ್ದು ಓಡಾಡುತ್ತದೆ, ಅಲ್ಲಿಗೆ ಗುಳಿಗೆ ಬಿಟ್ಟರೆ ಉಳಿದ ರೋಗಾಣು ಗುಲ್ಮದಲ್ಲಿ (ಸ್ಪ್ಲೀನ್) ಅಡಗಿ, ತಿಂಗಳುಗಳ ಮೇಲೆ ಮೂಳೆಮಜ್ಜೆಯನ್ನೇ ಹಿಡಿಯಬಹುದು. ಆ ಹಂತಕ್ಕೆ ಹೋದ ನಾಯಿಯನ್ನು ಉಳಿಸುವುದು ಬಹಳ ಕಷ್ಟ.

ವಾಂತಿಗೆ ಹೆಚ್ಚಾಗಿ ಕಾರಣ ಬರಿಹೊಟ್ಟೆ. ಮೊದಲು ನಾಲ್ಕು ತುತ್ತು ಊಟ, ಆಮೇಲೆ ಬೇಯಿಸಿದ ಕೋಳಿ ತುಂಡಿನೊಳಗೆ ಗುಳಿಗೆ, ಅದರ ಹಿಂದೆಯೇ ಸಿರಿಂಜಿನಿಂದ 5 ರಿಂದ 10 ಎಂಎಲ್ ನೀರು. ಒಣಗುಳಿಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿಯೇ ಸುಟ್ಟು ಹುಣ್ಣಾಗುತ್ತದೆ. ನಮ್ಮ ಕಡೆ ಮೊಸರನ್ನದಲ್ಲಿ ಕಲಸಿ ಕೊಡುವುದು ರೂಢಿ. ಅದು ಬೇಡ, ಹಾಲು ಮೊಸರಿನ ಸುಣ್ಣದಂಶ ಔಷಧವನ್ನು ಹಿಡಿದುಕೊಂಡುಬಿಡುತ್ತದೆ. ಕಬ್ಬಿಣದ ಟಾನಿಕ್ ಬರೆದಿದ್ದರೆ ಅದಕ್ಕೂ ಗುಳಿಗೆಗೂ ಎರಡು ಮೂರು ತಾಸು ಅಂತರವಿರಲಿ. ಗುಳಿಗೆ ವಾಂತಿಯಲ್ಲಿ ಬಂದರೆ ಇನ್ನೊಂದನ್ನು ನೀವಾಗಿ ಹಾಕದೆ ಕೇಳಿ. ಡಾಕ್ಟರು ಡೋಸನ್ನು ಎರಡು ಹೊತ್ತಿಗೆ ಒಡೆಯಬಹುದು, ವಾಂತಿ ತಡೆಯುವ ಇಂಜೆಕ್ಷನ್ ಕೊಡಬಹುದು.

ಊಟ ತುಸು ಬೆಚ್ಚಗಿರಲಿ, ವಾಸನೆ ಬಂದರೆ ಬಾಯಿ ಹಾಕುತ್ತದೆ. ಮೆತ್ತಗೆ ಬೆಂದ ಅನ್ನ, ಎಳೆಎಳೆಯಾಗಿ ಬಿಡಿಸಿದ ಕೋಳಿ, ಖಾರ ಮಸಾಲೆ ಇಲ್ಲದ ಅದರ ರಸ. ಹೊತ್ತಿಗೆ ಎರಡು ಮೂರು ಚಮಚ ಸಾಕು, ದಿನಕ್ಕೆ ಐದು ಸಲ. ರೊಟ್ಟಿಯನ್ನು ಮನೆಯ ಸಾರಿನಲ್ಲಿ ನೆನೆಸಿ ಹಾಕಬೇಡಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಇದರ ರಕ್ತ ಮೊದಲೇ ಕಡಿಮೆಯಾಗಿರುತ್ತದೆ. ಸಿರಿಂಜಿನಲ್ಲಿ ತಿನ್ನಿಸುವುದಾದರೆ ತಲೆ ಎತ್ತಿ ಹಿಡಿಯದೆ, ಕೆನ್ನೆಯ ಪಕ್ಕದಿಂದ ಸ್ವಲ್ಪಸ್ವಲ್ಪವೇ ಬಿಟ್ಟು, ನುಂಗುವವರೆಗೆ ಕಾಯಿರಿ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ವಾಂತಿ ನಿಲ್ಲುವ ಮೊದಲು ಈ ಬಲವಂತ ಬೇಡವೇ ಬೇಡ.

ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ಬರೆದಿಡಿ. 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ವಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ವಸಡು ಬೆಳ್ಳಗಾದರೆ, ಮೂಗಿನಿಂದ ರಕ್ತ ಬಂದರೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಕಂಡರೆ, ಡಾಂಬರಿನಂತೆ ಕಪ್ಪು ಮಲ ಹೋದರೆ ರಾತ್ರಿಯಾದರೂ ಸರಿ, ಹೊರಡಿ. ರಕ್ತ ಹೆಪ್ಪುಗಟ್ಟಿಸುವ ಕಣ, ಅಂದರೆ ಪ್ಲೇಟ್‌ಲೆಟ್, ಸಾಮಾನ್ಯವಾಗಿ 2 ರಿಂದ 5 ಲಕ್ಷ ಇರಬೇಕು. 50,000ಕ್ಕಿಂತ ಕೆಳಗಿದ್ದರೆ ಮೆಟ್ಟಿಲು ಹತ್ತುವುದು, ಬೇರೆ ನಾಯಿಯೊಂದಿಗೆ ಆಟ ಎರಡೂ ಬಂದ್. ಜ್ವರಕ್ಕೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಪಪ್ಪಾಯಿ ಎಲೆಯ ರಸ ಗುಳಿಗೆಯ ಬದಲಿಗೆ ಬರುವುದಿಲ್ಲ, ಆ ಕಹಿಗೆ ಊಟ ಇನ್ನಷ್ಟು ದೂರವಾಗುತ್ತದೆ.

ಶಹಾಬಾದ ಕಲ್ಲಿನ ನೆಲ ಬಿಸಿಲಲ್ಲಿ ನಾಯಿಗೆ ತಂಪು, ಆದರೆ ಅದರ ಸಂದಿಯೇ ಉಣ್ಣಿಗೂ ಮನೆ. ಮರಿ, ನಡುವಯಸ್ಸು, ದೊಡ್ಡದು, ಒಂದೊಂದು ಹಂತಕ್ಕೂ ಉಣ್ಣಿ ನಾಯಿಯ ಮೈಯಿಂದ ಉದುರಿ ಗೋಡೆ ಬಿರುಕು ಸೇರುತ್ತದೆ. ನಾಯಿಗಷ್ಟೇ ಔಷಧ ಮಾಡಿ ಸಂದಿ ಬಿಟ್ಟರೆ ರೋಗ ಮತ್ತೆ ಬರುತ್ತದೆ. ಸಂದಿಗೆ ಸಿಮೆಂಟ್ ತುಂಬಿಸಿ. ಮನೆಗೆ ಉಣ್ಣಿ ಔಷಧ ಹೊಡೆಸಿದ ದಿನ ನೆಲ ಒಣಗುವ ತನಕ ನಾಯಿ ಹೊರಗಿರಲಿ. ನಿತ್ರಾಣ ನಾಯಿಗೆ ಉಣ್ಣಿ ಔಷಧದ ಸ್ನಾನವನ್ನು ಡಾಕ್ಟರು ಹೇಳದೆ ಮಾಡಿಸಬೇಡಿ.

ವಾರಕ್ಕೊಮ್ಮೆ ರಕ್ತಕಣದ ಎಣಿಕೆ ಮಾಡಿಸಿ, 28 ದಿನ ಮುಗಿದ ಮೇಲೆ ಇನ್ನೊಮ್ಮೆ. ಪ್ರತಿಕಾಯ (ಆ್ಯಂಟಿಬಾಡಿ) ನೋಡುವ ಕಿಟ್ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ತೋರಿಸುತ್ತದೆ, ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಎಣಿಕೆ ಏರದೇ ಇದ್ದರೆ ಮಜ್ಜೆಗೆ ಪೆಟ್ಟಾಗಿದೆಯೇ, ರಕ್ತ ಕೊಡಿಸಬೇಕೇ ಎಂದು ನೇರವಾಗಿ ಕೇಳಿ, ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬೇಕೇ ಎಂಬುದನ್ನೂ ಆಗಲೇ ತೀರ್ಮಾನಿಸಿ. ಹೋಗುವಾಗ ಎಲ್ಲ ರಿಪೋರ್ಟು, ಗುಳಿಗೆಯ ಚೀಟಿ, ಜ್ವರ ಬರೆದಿಟ್ಟ ಹಾಳೆ ಜೊತೆಗಿರಲಿ.